ಚಿಕಾಗೊ ಮೇಳದ ರಾಗಿ

ದುಬೈಯಲ್ಲಿ ಇಪ್ಪತ್ತೇಳು ವರ್ಷಗಳಲ್ಲಿ ನಾನು ಮುನ್ನೂರ ಹನ್ನೆರಡು ಬಡಾವಣೆ ಕಟ್ಟಿದ್ದೇನೆ. ಒಂದೂ ಉಳಿದಿಲ್ಲ.

ಗಾಬರಿಯಾಗಬೇಡಿ. ನಾನು ಮಾದರಿ ಮಾಡುವವನು. ದೊಡ್ಡ ಕಂಪನಿಗಳು ಗೋಪುರ ಎಬ್ಬಿಸುವ ಮೊದಲು ಅದರ ಚಿಕ್ಕ ರೂಪವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಜನರಿಗೆ ತೋರಿಸುತ್ತವಲ್ಲ, ಕಡಲೆಕಾಳಿನಷ್ಟು ಕಾರು, ಬೆಂಕಿಕಡ್ಡಿಯಷ್ಟು ಖರ್ಜೂರದ ಮರ, ಅದು ನಮ್ಮ ಕೆಲಸ. ಅಲ್ ಕೂಜ್‌ನ ಒಂದು ಗೋದಾಮಿನಲ್ಲಿ ನಮ್ಮ ವರ್ಕ್‌ಶಾಪ್. ಫ್ಲ್ಯಾಟುಗಳೆಲ್ಲ ಮಾರಾಟವಾದ ಮೇಲೆ ಮಾದರಿಯನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ನಾನು ಮಾಡಿದ್ದರಲ್ಲಿ ಮೂರನ್ನು ಮಾತ್ರ ಆಮೇಲೆ ಕಂಡಿದ್ದೇನೆ. ಎರಡು ಕಸದ ತೊಟ್ಟಿಯಲ್ಲಿದ್ದವು. ಮೂರನೆಯದು ಒಂದು ಗೋದಾಮಿನ ಹಿಂದೆ ಇತ್ತು. ಅದರ ಮೇಲೆ ಬೆಕ್ಕೊಂದು ಮೂರು ಮರಿ ಹಾಕಿ ಮಲಗಿತ್ತು, ಸರಿಯಾಗಿ ಸಮುದ್ರ ಕಾಣುವ ಬದಿಯಲ್ಲಿ. ಅಷ್ಟು ಒಳ್ಳೆಯ ಜಾಗ ಸಿಕ್ಕಿದೆ ಎಂಬ ಯಾವ ಭಾವವೂ ಅದರ ಮುಖದಲ್ಲಿರಲಿಲ್ಲ.

ಇದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡವನಲ್ಲ. ಒಂದೇ ಒಂದು ದಿನದ ಹೊರತು. ಮಗಳು ಡೆಲ್ಫಿನ್ ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯಲ್ಲಿ ಅಪ್ಪ ಅಮ್ಮ ಮಾಡುವ ಕೆಲಸವನ್ನು ತಂದು ತೋರಿಸುವ ಕಾರ್ಯಕ್ರಮವಿತ್ತು. ಹೋಟೆಲಿನವರ ಮಗ ಸಮೋಸ ತಂದ. ಡೆಲ್ಫಿನ್ ಒಂದು ಫೋಟೊ ತೆಗೆದುಕೊಂಡು ಹೋದಳು. ಇದು ಈಗ ಎಲ್ಲಿದೆ ಎಂದು ಟೀಚರ್ ಕೇಳಿದರಂತೆ. "ದೇ ಥ್ರೋ ಇಟ್" ಎಂದಳಂತೆ ಇವಳು. ಕ್ಲಾಸೆಲ್ಲ ನಕ್ಕಿತು. ಸಂಜೆ ಬಂದು ಇದನ್ನು ನನಗೆ ವರದಿ ಒಪ್ಪಿಸುವ ಹಾಗೆ ಹೇಳಿ ಹಾಲು ಕುಡಿಯಲು ಹೋದಳು. ಈಗ ಅವಳಿಗೆ ಇಪ್ಪತ್ತನಾಲ್ಕು. ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಅದನ್ನು ಮರೆತಿದ್ದಾಳೆ ಎಂದೇ ನಾನು ತಿಳಿದಿದ್ದೆ. ನಾನು ಮರೆತಿರಲಿಲ್ಲ. ಎರಡು ಸಾವಿರದ ಹದಿನೈದರ ಜೂನ್‌ಗೆ ನನಗೆ ಅರವತ್ತು ತುಂಬಿ ವೀಸಾ ಮುಗಿಯುವುದಿತ್ತು. ಅಷ್ಟರೊಳಗೆ ಅವಳ ಕೈ ಹಿಡಿದು ಕರೆದುಕೊಂಡು ಹೋಗಿ, ನೋಡು, ಇದು ನಾನು ಮಾಡಿದ್ದು, ಇದು ಇಲ್ಲೇ ಇರುತ್ತದೆ ಎಂದು ಒಂದನ್ನಾದರೂ ತೋರಿಸಬೇಕು ಎಂಬುದೊಂದೇ ನನಗಿದ್ದ ಆಸೆ.

ಹೀಗಿರುವಾಗ ಹಿಂದಿನ ನವೆಂಬರಿನಲ್ಲಿ ಪ್ರಫುಲ್ಲಾ ಒಂದು ಫೈಲು ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದರು. ಪ್ರಫುಲ್ಲಾ ಬ್ರಹ್ಮಾವರದ ಕಡೆಯವರು. ಜುಮೇರಾ ಲೇಕ್ ಟವರ್ಸ್‌ನಲ್ಲಿ ಮೂವತ್ತೊಂದನೇ ಮಾಳಿಗೆಯ ಒಂದು ಸಲಹಾ ಕಂಪನಿಯಲ್ಲಿ ಅವರಿಗೆ ಕೆಲಸ. ದಪ್ಪ ವರದಿಗಳನ್ನು ಓದಿ ತೆಳು ವರದಿ ಬರೆಯುವುದು. ಅವರು ತುಳುವಿನವರು, ನಾನು ಕೊಂಕಣಿಯವನು; ನಮ್ಮಿಬ್ಬರ ನಡುವೆ ಮಂಗಳೂರು ಕನ್ನಡ. ಕೊಂಕಣಿ ಕ್ರೈಸ್ತರನ್ನು ಕರೆಯುವ ಊರಿನ ರೂಢಿಯಂತೆ ಅವರು ನನ್ನನ್ನು ಪೊರ್ಬುಗಳೇ ಎಂದೇ ಕರೆಯುತ್ತಿದ್ದರು.

ಸಂಗತಿ ಇಷ್ಟೆ. ಆರು ವರ್ಷ ಬಿಟ್ಟು ಜೆಬೆಲ್ ಅಲಿಯ ಹಿಂದಿನ ಮರಳಿನಲ್ಲಿ ಪ್ರಪಂಚದ ದೊಡ್ಡ ಮೇಳ ನಡೆಯುತ್ತದೆ ಎಂದು ಹಿಂದಿನ ವರ್ಷವೇ ತೀರ್ಮಾನವಾಗಿ ಪಟಾಕಿ ಸುಟ್ಟಾಗಿತ್ತು. ಅದರ ಪಕ್ಕದಲ್ಲಿ ಜಮೀನಿದ್ದ ಒಂದು ಕಂಪನಿ ಪ್ರಫುಲ್ಲಾರ ಗ್ರಾಹಕರು. ಮೇಳ ಮುಗಿದು ಜನ ಹೋದ ಮೇಲೆ ಇಂಥ ಜಾಗ ಏನಾಗುತ್ತದೆ ಎಂದು ಅವರಿಗೆ ತಿಳಿಯಬೇಕಿತ್ತು. ಇಂಥ ಮೇಳಗಳನ್ನು ಹುಚ್ಚು ಹಿಡಿದವರಂತೆ ಮಾಡಿದ ದೇಶ ಅಮೆರಿಕ. ಹಾಗಾಗಿ ಅಮೆರಿಕದ ಐದು ಮೇಳ. ಒಂದೊಂದಕ್ಕೂ ಎರಡು ತಟ್ಟೆ, ಅಂದರೆ ಮೀಟರ್ ಅಗಲದ ಹಲಗೆ: ಒಂದರಲ್ಲಿ ಮೇಳದ ದಿನದ ನೋಟ, ಇನ್ನೊಂದರಲ್ಲಿ ಇವತ್ತಿನ ನೋಟ.

"ಚಿಕಾಗೊ, ಸಾವಿರದ ಎಂಟುನೂರ ತೊಂಬತ್ತಮೂರು" ಎಂದು ಪ್ರಫುಲ್ಲಾ ಶುರುಮಾಡಿದರು. "ಇನ್ನೂರು ಕಟ್ಟಡ. ದೊಡ್ಡದೆಲ್ಲ ಬೆಳ್ಳಗೆ. ಹತ್ತಿರ ಹತ್ತಿರ ಎರಡೂಮುಕ್ಕಾಲು ಕೋಟಿ ಟಿಕೆಟ್ ಹೋಯ್ತಂತೆ."

"ಈಗ?"

"ಈಗ ಪಾರ್ಕ್."

"ಕಟ್ಟಡ ಎಂತ ಆಯ್ತು?"

"ಒಂದು ಉಂಟು, ಈಗ ಮ್ಯೂಸಿಯಂ. ಉಳಿದದ್ದಕ್ಕೆಲ್ಲ ಮರುವರ್ಷವೇ ಬೆಂಕಿ ಬಿತ್ತು. ಅದು ಕಲ್ಲಿಂದು ಅಲ್ಲ ಪೊರ್ಬುಗಳೇ. ಪ್ಲಾಸ್ಟರಿಗೆ ನಾರು ಕಲಸಿ ಮಾಡಿದ್ದು. ಆರು ತಿಂಗಳು ನಿಂತ್ರೆ ಸಾಕು ಅಂತ."

ನನಗೆ ಒಮ್ಮೆಲೇ ಆ ಜನರ ಮೇಲೆ ಗೌರವ ಬಂತು. ಪ್ಲಾಸ್ಟರಿಗೆ ನಾರು ಕಲಸುವುದು ನಮ್ಮ ಕಸುಬು. ಅವರೂ ಮಾದರಿ ಮಾಡುವವರೇ. ಅಳತೆ ಮಾತ್ರ ಸ್ವಲ್ಪ ದೊಡ್ಡದು.

ಉಳಿದ ಕಥೆಗಳೂ ಅಷ್ಟೆ. ಚಿಕಾಗೊದಲ್ಲಿ ಜನರನ್ನು ಆಕಾಶಕ್ಕೆತ್ತಿದ ದೊಡ್ಡ ತಿರುಗುಚಕ್ರವನ್ನು ಆಮೇಲೆ ಸೇಂಟ್ ಲೂಯಿಸ್‌ನ ಮೇಳಕ್ಕೆ ಸಾಗಿಸಿ, ಅದೂ ಮುಗಿದ ಮೇಲೆ ಸಿಡಿಮದ್ದಿಟ್ಟು ಉರುಳಿಸಿದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಡವಲೆಂದೇ ಕಟ್ಟಿದ ಒಂದು ಅರಮನೆಯನ್ನು ಕೆಡವಲು ಯಾರಿಗೂ ಮನಸ್ಸಾಗಲಿಲ್ಲ. ಅದು ಐವತ್ತು ವರ್ಷ ತಾನಾಗಿ ಉದುರಿತು, ಕೊನೆಗೆ ಅದೇ ಆಕಾರದಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಕಟ್ಟಿದರು. ಸಿಯಾಟಲ್‌ನಲ್ಲಿ ಸೂಜಿಯಂಥ ಒಂದು ಗೋಪುರ ಉಳಿಯಿತು. ನಾಕ್ಸ್‌ವಿಲ್‌ನಲ್ಲಿ ಕಂಬದ ಮೇಲೆ ಒಂದು ಚಿನ್ನದ ಬಣ್ಣದ ಚೆಂಡು ಉಳಿಯಿತು. ಅದರೊಳಗೆ ಏನಿಡುವುದೆಂದು ಊರವರಿಗೆ ಎಷ್ಟೋ ವರ್ಷ ತೋಚಲಿಲ್ಲ. ನ್ಯೂಯಾರ್ಕ್‌ನವರು ಒಂದೇ ಜಾಗದಲ್ಲಿ ಎರಡು ಸಲ ಮೇಳ ಮಾಡಿ, ಎರಡು ಸಲವೂ ನೆಲದೊಳಗೆ ಒಂದೊಂದು ಕೊಳವೆ ಹೂತು, ಐದು ಸಾವಿರ ವರ್ಷ ತೆರೆಯಬೇಡಿ ಎಂದು ಬರೆದಿಟ್ಟರು. ಅಷ್ಟು ಕಾಯುವ ತಾಳ್ಮೆ ಯಾರಿಗಿದೆ ಎಂದು ನಾನು ಕೇಳಲಿಲ್ಲ.

ಫೈಲು ಮುಚ್ಚುತ್ತ ಪ್ರಫುಲ್ಲಾ, "ಮತ್ತೆ ನ್ಯೂಯಾರ್ಕ್‌ನಲ್ಲಿ ಒಂದು ಮಾದರಿ ಉಂಟು, ಅದು ನಿಮ್ಗೆ ಬೇಡ" ಎಂದರು.

"ಎಂತ ಮಾದರಿ?"

"ಅರವತ್ತನಾಲ್ಕರ ಮೇಳಕ್ಕೆ ಇಡೀ ನ್ಯೂಯಾರ್ಕ್ ಊರಿನದ್ದೇ ಮಾದರಿ ಮಾಡಿದ್ರಂತೆ. ನೂರಕ್ಕಿಂತ ಹೆಚ್ಚು ಜನ, ಮೂರು ವರ್ಷ."

"ಎಸೆದ್ರಾ?"

"ಇಲ್ಲ. ಅಲ್ಲೇ ಮ್ಯೂಸಿಯಂನಲ್ಲಿ ಉಂಟು. ಮೇಳದ್ದೆಲ್ಲ ಹೋಯ್ತು, ಅದು ಉಂಟು. ಊರಲ್ಲಿ ಹೊಸ ಕಟ್ಟಡ ಬಂದದ್ದನ್ನು ಅದ್ರಲ್ಲೂ ಸೇರಿಸಿದಾರಂತೆ."

ನಾನು ಅದನ್ನು ಇನ್ನೊಮ್ಮೆ ಹೇಳಿಸಿದೆ. ಪ್ರಫುಲ್ಲಾ ಹೇಳಿದರು. ಕೈಯಲ್ಲಿದ್ದ ಅಂಟು ಒಣಗಿ ಹೋಗಿತ್ತು. ಆಮೇಲೆ ಅವರು ಹೇಳಿದ ಇನ್ನೊಂದು ವಿಷಯ ಇನ್ನೂ ದೊಡ್ಡದು. ಗ್ರಾಹಕರಿಗೆ ಒಪ್ಪಿಗೆಯಾದರೆ ಈ ಹತ್ತು ತಟ್ಟೆಗಳನ್ನು ಅವರ ಕಟ್ಟಡದ ಲಾಬಿಯಲ್ಲಿ ಇಡುತ್ತಾರೆ. ಕಾಗದದಲ್ಲಿ ಪರ್ಮನೆಂಟ್ ಎಂದು ಬರೆದಿದೆ. ಈ ದೇಶದಲ್ಲಿ ನನಗೆ ಸಂಬಂಧಪಟ್ಟ ಯಾವ ಕಾಗದದಲ್ಲೂ ಆ ಪದವನ್ನು ನಾನು ಕಂಡಿರಲಿಲ್ಲ. ಅದಲ್ಲದೆ ಪ್ರತಿ ತಟ್ಟೆಗೂ ಒಂದು ಚೀಟಿ ಅಂಟಿಸುತ್ತಾರಂತೆ, ಮೇಳದ ಹೆಸರು, ವರ್ಷ, ಕೆಳಗೆ ಮಾಡಿದವನ ಹೆಸರು. ಅಮೆರಿಕದ ಮ್ಯೂಸಿಯಂಗಳಲ್ಲಿ ಹಾಗೇ ಅಂತೆ.

ಮೇಳದ ದಿನದ ಐದು ತಟ್ಟೆಗಳನ್ನು ಒಂದು ತಿಂಗಳೊಳಗೆ ಮುಗಿಸಿದೆ. ಇವತ್ತಿನ ತಟ್ಟೆಗಳು ಬಂದಾಗ ತೊಂದರೆ ಗೊತ್ತಾಯಿತು. ಅವುಗಳಲ್ಲಿ ಮಾಡಲು ಇದ್ದದ್ದೇನು? ಹುಲ್ಲು. ಒಂದು ಗುಮ್ಮಟ, ಸುತ್ತ ಹುಲ್ಲು. ಒಂದು ಚೆಂಡು, ಸುತ್ತ ಹುಲ್ಲು. ಇಪ್ಪತ್ತೇಳು ವರ್ಷ ಅನುಭವವಿರುವವನಿಗೆ ಕೊನೆಯ ಕೆಲಸವೆಂದು ಬಯಲು ಮಾಡಿಸುತ್ತಿದ್ದರು. ಆ ಹುಲ್ಲಿನ ಪುಡಿಯೂ ಇರಲಿಲ್ಲ. ಅದು ಜರ್ಮನಿಯಿಂದ ಬರಬೇಕು. ಬಂದಿತ್ತು, ಆದರೆ ಜೆಬೆಲ್ ಅಲಿ ಬಂದರಿನಲ್ಲಿ ಕಂಟೇನರಿನೊಳಗೆ ಕುಳಿತು ಯಾವುದೋ ಕಾಗದಕ್ಕೆ ಕಾಯುತ್ತಿತ್ತು.

ನಮ್ಮ ಮ್ಯಾನೇಜರ್ ಕುಂಞಾಲಿ, ಕಾಸರಗೋಡಿನವರು, ಕ್ಯಾಲೆಂಡರಿನ ಮುಂದೆ ನಿಂತರು. "ಹದಿನೆಂಟಕ್ಕೆ ಪ್ರೆಸೆಂಟೇಶನ್ ಉಂಟು ಇನಾಸ್ ಬಾಯ್. ಹುಲ್ಲು ಮಾಫಿ, ಇಲ್ಲವೇ ಇಲ್ಲ. ಯಲ್ಲಾ, ಎಂತಾದ್ರೂ ಮಾಡಿ."

ಡಿಸೆಂಬರ್ ಮೊದಲ ವಾರ ಮುಗಿದಿತ್ತು. ಕರಾಮದ ನಮ್ಮ ಫ್ಲ್ಯಾಟಿಗೆ ಬಂದು ನೋಡಿದರೆ ಹೆಂಡತಿ ಡೊರೊತಿ ಫ್ರಿಜ್ಜಿನ ಮೇಲೆ ಸ್ಟೀಲಿನ ತಟ್ಟೆಗಳನ್ನು ಸಾಲಾಗಿ ಇಟ್ಟಿದ್ದಳು. ಕ್ರಿಸ್ಮಸ್ಸಿಗೆ ಮನೆಯಲ್ಲಿ ಗೋದಲಿ ಕಟ್ಟುವುದು ನಮ್ಮಲ್ಲಿ ಕ್ರಮ. ಬಾಲಯೇಸು, ಮರಿಯಮ್ಮ, ಕುರುಬರು, ಕುರಿ, ಒಂದು ಹುಲ್ಲಿನ ಗುಡಿಸಲು. ಸುತ್ತಲಿನ ಹಸಿರಿಗೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಬಿತ್ತುತ್ತೇವೆ. ಒಂದು ವಾರಕ್ಕೆ ಮಕಮಲ್ಲಿನ ಹಾಗೆ ಏಳುತ್ತದೆ. ಮೊದಲು ಬಿತ್ತಿದ ತಟ್ಟೆ ಆಗಲೇ ಎದ್ದಿತ್ತು. ನಾನು ಕನ್ನಡಕ ತೆಗೆದು ಕಣ್ಣನ್ನು ತಟ್ಟೆಯ ಮಟ್ಟಕ್ಕೆ ತಂದು ನೋಡಿದೆ. ಜರ್ಮನಿಯವರಿಗೂ ಇದು ಸಾಧ್ಯವಿಲ್ಲ.

"ರಾಗಿ ಎಷ್ಟು ಉಂಟು?" ಎಂದೆ.

"ಯಾಕೆ?"

"ಚಿಕಾಗೊಕ್ಕೆ ಬೇಕು. ಮತ್ತೆ ನಾಲ್ಕು ಊರಿಗೆ."

ಡೊರೊತಿ ನನ್ನನ್ನು ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. "ಬಾಲಯೇಸುವಿನ ರಾಗಿ ಅಮೆರಿಕಕ್ಕೆ ಹಾಕ್ತೀರಾ? ಹಾಕಿ. ಕತ್ತರಿ ನಂದು ವಾಪಸ್ ಬರ್ಬೇಕು" ಎಂದಷ್ಟೇ ಹೇಳಿದಳು.

ಐದು ತಟ್ಟೆಗೆ ಪ್ಲಾಸ್ಟಿಕ್ ಹಾಸಿ, ಬೆರಳಿನಷ್ಟು ಮಣ್ಣು ಹಾಕಿ, ಎರಡು ಕಿಲೋ ರಾಗಿ ಬಿತ್ತಿದೆ. ಕುಂಞಾಲಿ ಆರನೇ ದಿನ ಬಂದು ಮುಟ್ಟಿ ನೋಡಿದರು.

"ಇದು ಜೀವ ಇರುವ ಹುಲ್ಲಾ?"

"ರಾಗಿ."

"ಖಲಾಸ್" ಎಂದು ಅವರು ಸ್ಟೂಲಿನ ಮೇಲೆ ಕುಳಿತರು. ಆದರೆ ಬೇರೆ ದಾರಿ ಇರಲಿಲ್ಲ, ನೋಡಲು ಚೆನ್ನಾಗಿಯೂ ಇತ್ತು. ದಿನಾ ಬೆಳಿಗ್ಗೆ ಡೊರೊತಿಯ ಬಟ್ಟೆ ಕತ್ತರಿಯಿಂದ ಮೇಲ್ಮೈ ಸಮ ಮಾಡುತ್ತಿದ್ದೆ. ಹದಿನೇಳರಂದು ಹತ್ತೂ ತಟ್ಟೆಗಳನ್ನು ಮೂವತ್ತೊಂದನೇ ಮಾಳಿಗೆಯ ಮೀಟಿಂಗ್ ಕೋಣೆಗೆ ಮುಟ್ಟಿಸಿದೆವು. ಅದೇ ಸಂಜೆ ಫೋನ್ ಬಂತು. ಗ್ರಾಹಕರ ಕಡೆಯ ಮುಖ್ಯಸ್ಥರು ಪ್ರಯಾಣದಲ್ಲಿದ್ದಾರೆ, ಪ್ರೆಸೆಂಟೇಶನ್ ಜನವರಿ ನಾಲ್ಕಕ್ಕೆ.

ನಾನು ಮರುದಿನವೇ ದೂರದ ರುವೈಸ್‌ಗೆ ಹೊರಡಬೇಕಿತ್ತು. ಅಲ್ಲಿಯ ಕಂಪನಿ ಕ್ವಾರ್ಟರ್ಸ್‌ನ ಒಂದು ಮಾದರಿ ಜೋಡಿಸುವ ಕೆಲಸ. ನಡುವೆ ಹಬ್ಬಕ್ಕೆ ಎರಡು ದಿನ ಮನೆ. ಹಾಗಾಗಿ ಪ್ರಫುಲ್ಲಾರಿಗೆ ಹೇಳಿದೆ: ದಿನಕ್ಕೊಮ್ಮೆ ನೀರು ಚಿಮುಕಿಸಿ, ಎರಡು ದಿನಕ್ಕೊಮ್ಮೆ ಕತ್ತರಿಸಿ. ಕತ್ತರಿಯನ್ನೂ ಕೊಟ್ಟು ಬಂದೆ. ಅವರು ಮೂರು ದಿನ ಫೋಟೊ ಕಳಿಸಿದರು. ಆಮೇಲೆ ಕಳಿಸಲಿಲ್ಲ. ಎಲ್ಲ ಸರಿಯಿದೆ ಎಂದುಕೊಂಡೆ. ಫೋಟೊ ನಿಂತರೆ ಎಲ್ಲ ಸರಿಯಿದೆ ಎಂದು ತಿಳಿಯುವುದು ಗಂಡಸರಿಗೆ ಇರುವ ಒಂದು ಕಾಯಿಲೆ.

ಜನವರಿ ನಾಲ್ಕರ ಬೆಳಿಗ್ಗೆ ಎಂಟಕ್ಕೆ ಕುಂಞಾಲಿ ಮತ್ತು ನಾನು ಮೀಟಿಂಗ್ ಕೋಣೆಯ ಬಾಗಿಲು ತೆರೆದೆವು. ಚಿಕಾಗೊ ಕಾಣಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಕಾಣಲಿಲ್ಲ. ಒಂದು ಗೇಣು ಎತ್ತರದ ರಾಗಿ ಐದು ತಟ್ಟೆಗಳ ತುಂಬ ಎದ್ದು, ಕಿಟಕಿಯ ಬೆಳಕಿನ ಕಡೆಗೆ ಒಟ್ಟಾಗಿ ಬಾಗಿತ್ತು. ಸಿಯಾಟಲ್‌ನ ಸೂಜಿಯ ತುದಿ ಮಾತ್ರ ಮೇಲಿತ್ತು.

ಪ್ರಫುಲ್ಲಾ ಮೂಲೆಯಲ್ಲಿ ನಿಂತಿದ್ದರು, ಕೈಯಲ್ಲಿ ನೀರಿನ ಬಾಟಲಿ.

"ಕತ್ತರಿ ಕೊಟ್ಟಿದ್ದೆ ಅಲ್ವಾ?" ಎಂದೆ.

"ಕೊಟ್ಟಿದ್ರಿ. ಮನಸ್ಸು ಬರ್ಲಿಲ್ಲ ಪೊರ್ಬುಗಳೇ." ಅವರ ಸ್ವರ ಸಣ್ಣಗಾಗಿತ್ತು. "ಹದಿಮೂರು ವರ್ಷ ಆಯ್ತು ನಾನು ಈ ದೇಶಕ್ಕೆ ಬಂದು. ಬೀಜ ಹಾಕಿದ್ದು ಮೇಲೆ ಬರುವುದನ್ನು ನೋಡಿಯೇ ಇಲ್ಲ. ಬೆಳಿಗ್ಗೆ ಬಂದು ನೋಡಿದ್ರೆ ಇಷ್ಟುದ್ದ ಆಗಿರ್ತದೆ. ಅದನ್ನು ಹೇಗೆ ಕತ್ತರಿಸ್ಲಿಕ್ಕೆ ಆಗ್ತದೆ ಹೇಳಿ."

ಬೈಯುವುದನ್ನು ಬಿಟ್ಟು ಕತ್ತರಿ ಎತ್ತಿಕೊಂಡು ಚಿಕಾಗೊದ ಒಂದು ಮೂಲೆಗೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಗ್ರಾಹಕರು ಅರ್ಧ ಗಂಟೆ ಮೊದಲೇ ಬಂದಿದ್ದರು. ನನ್ನ ಇಪ್ಪತ್ತೇಳು ವರ್ಷದಲ್ಲಿ ಇದು ಮೊದಲ ಸಲ.

ಅವರ ಹೆಸರು ಝುಲೈಖ. ಕಪ್ಪು ಅಬಾಯ, ಮೂವತ್ತೈದು ದಾಟದ ಎಂಜಿನಿಯರ್. ಹಿಂದೆ ಇಬ್ಬರು ಸಹಾಯಕರು. ಮೇಳದ ದಿನದ ತಟ್ಟೆಗಳನ್ನು ಅವರು ಒಂದೊಂದಾಗಿ ನೋಡಿದರು. ಬಿಳಿ ಗುಮ್ಮಟಗಳು, ಕಾಲುವೆಗಳು, ಬಾವುಟಗಳು. ಆಮೇಲೆ ರಾಗಿಯ ಮುಂದೆ ನಿಂತರು.

"ಇದು?"

ಪ್ರಫುಲ್ಲಾ ಚೀಟಿ ಓದಿದರು. "ಚಿಕಾಗೊ, ಸಾವಿರದ ಎಂಟುನೂರ ತೊಂಬತ್ತಮೂರು. ಇವತ್ತು ಉಳಿದಿರುವುದು."

"ಏನು ಉಳಿದಿದೆ?"

"ಒಂದು ಕಟ್ಟಡ, ಮೇಡಂ. ಒಳಗಿದೆ."

ಝುಲೈಖ ಉಂಗುರ ತೆಗೆದು ಮೇಜಿನ ಮೇಲಿಟ್ಟರು. ಮಗುವಿನ ತಲೆಯಲ್ಲಿ ಬೈತಲೆ ತೆಗೆಯುವಂತೆ ಎರಡೂ ಕೈಯಿಂದ ರಾಗಿಯನ್ನು ಸರಿಸಿದರು. ಸ್ವಲ್ಪ ಹೊತ್ತು ಹುಡುಕಿದ ಮೇಲೆ ಗುಮ್ಮಟ ಸಿಕ್ಕಿತು. "ಆಹ್" ಎಂದರು. ಆಮೇಲೆ ನಾಕ್ಸ್‌ವಿಲ್‌ಗೆ ಹೋಗಿ ಚೆಂಡು ಹುಡುಕಿದರು. ಸಹಾಯಕರೂ ಕೈ ಹಾಕಿದರು. ಹತ್ತು ನಿಮಿಷ ಕೋಣೆಯಲ್ಲಿ ಮೂವರು ದೊಡ್ಡ ಅಧಿಕಾರಿಗಳು ರಾಗಿಯಲ್ಲಿ ಕೈಯಾಡಿಸುತ್ತ ಅಮೆರಿಕವನ್ನು ಹುಡುಕಿದರು.

"ಈ ವಿಷಯದ ಮೇಲೆ ಹನ್ನೊಂದು ವರದಿ ಓದಿದ್ದೇನೆ" ಎಂದರು ಝುಲೈಖ ಇಂಗ್ಲಿಷಿನಲ್ಲಿ, ಕೈ ಒರೆಸಿಕೊಳ್ಳುತ್ತ. "ಎಲ್ಲದರಲ್ಲೂ ನಕ್ಷೆ ಇದೆ. ಹುಲ್ಲು ಯಾರನ್ನೂ ಕೇಳುವುದಿಲ್ಲ ಎಂದು ಒಂದರಲ್ಲೂ ಬರೆದಿರಲಿಲ್ಲ. ಇದು ಯಾರ ಯೋಚನೆ?"

"ನಮ್ಮ ಕಾನ್ಸೆಪ್ಟ್, ಮೇಡಂ" ಎಂದರು ಕುಂಞಾಲಿ. ಮುಖದಲ್ಲಿ ಒಂದು ನರವೂ ಅಲುಗಲಿಲ್ಲ.

ಝುಲೈಖ ಬಗ್ಗಿ ಚೀಟಿಯ ಕೆಳಗಿನ ಸಾಲು ಓದಿದರು. "ಇಗ್ನೇಶಿಯಸ್ ತಾವ್ರೊ" ಎಂದು, ಇನಾಸ್ ಆಗಿಹೋದ ನನ್ನ ಪೂರ್ತಿ ಹೆಸರನ್ನು ನಿಧಾನವಾಗಿ, ಸರಿಯಾಗಿ. ಎದ್ದು ನನ್ನನ್ನು ನೋಡಿ, "ಇದು ನಮ್ಮ ಲಾಬಿಯಲ್ಲಿರಲಿ. ಹೀಗೇ. ಪರ್ಮನೆಂಟ್" ಎಂದರು.

ಲಿಫ್ಟಿನಲ್ಲಿ ಕೆಳಗಿಳಿಯುವಾಗ ನನಗೆ ಅಳು ಬಂತು. ಕುಂಞಾಲಿ ನೋಡದಂತೆ ಮಾಡಿದರು. ಕೆಳಗೆ ಬಂದವನೇ ಡೆಲ್ಫಿನ್‌ಗೆ ಫೋನ್ ಮಾಡಿದೆ. ಅವಳಿಗೆ ಶುಕ್ರವಾರ ಆಫ್ ಇತ್ತು. ಒಂಬತ್ತನೇ ತಾರೀಕು. ಏನು ತೋರಿಸುತ್ತೇನೆಂದು ಹೇಳಲಿಲ್ಲ.

ಆರನೇ ತಾರೀಕು, ಬಾಲಯೇಸುವನ್ನು ನೋಡಲು ಬಂದ ಮೂರು ರಾಯರ ಹಬ್ಬ. ಅವತ್ತು ಗೋದಲಿ ಬಿಚ್ಚುವುದು ವಾಡಿಕೆ. ಕುರುಬರನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ಹಾಕಿ, ಒಣಗಿದ ರಾಗಿಯನ್ನು ಡೊರೊತಿ ಕಸಕ್ಕೆ ಸುರಿದಳು. ಪ್ರತಿ ವರ್ಷ ಆ ಹೊತ್ತಿಗೆ ನನಗೆ ಒಂದು ಥರ ಬೇಸರವಾಗುವುದಿತ್ತು. ಈ ಸಲ ಆಗಲಿಲ್ಲ. ನನ್ನದು ಲಾಬಿಯಲ್ಲಿತ್ತಲ್ಲ. ಜರ್ಮನಿಯ ಹುಲ್ಲಿನ ಪುಡಿ ಬಂದರಿನಿಂದ ಬಿಡುಗಡೆಯಾದದ್ದೂ ಅದೇ ದಿನ.

ಶುಕ್ರವಾರ ಡೆಲ್ಫಿನ್ ಅಬುಧಾಬಿಯಿಂದ ಬಸ್ಸು ಹತ್ತಿ ಬಂದಳು. ರಾತ್ರಿ ಡ್ಯೂಟಿ ಮುಗಿಸಿ ಹಾಗೇ ಬಂದಿದ್ದಳು. ನಾನು ಇಸ್ತ್ರಿ ಹಾಕಿದ ಶರ್ಟು ಹಾಕಿದ್ದೆ. ಮೆಟ್ರೋದಲ್ಲಿ ಅವಳಿಗೆ ಚಿಕಾಗೊದ ಕಥೆ ಹೇಳುತ್ತ ಹೋದೆ. ಗ್ರಾಹಕರ ಕಟ್ಟಡವೂ ಜುಮೇರಾ ಲೇಕ್ ಟವರ್ಸ್‌ನಲ್ಲೇ. ಲಾಬಿಯ ಗಾಜಿನ ಬಾಗಿಲು ತಾನಾಗಿ ತೆರೆಯಿತು.

ತಟ್ಟೆಗಳಿರಬೇಕಾದಲ್ಲಿ ಒಂದು ದೊಡ್ಡ ಟೀವಿ ಇತ್ತು. ಅದರಲ್ಲಿ ನನ್ನ ಚಿಕಾಗೊ ಮೆಲ್ಲಗೆ ತಿರುಗುತ್ತಿತ್ತು. ಹುಲ್ಲು ಚಪ್ಪಟೆಯಾಗಿ, ಸಮನಾಗಿ, ಟೆನಿಸ್ ಕೋರ್ಟಿನ ಹಾಗಿತ್ತು. ಚೀಟಿಯ ಜಾಗದಲ್ಲಿ ಕಂಪನಿಯ ಗುರುತು ಇತ್ತು.

ಲಾಬಿಯ ಸೆಕ್ಯುರಿಟಿ ನಮ್ಮ ಕಡೆಯವನೇ, ಸೇಸಪ್ಪ, ಪುತ್ತೂರಿನವನು. ನನ್ನ ಮುಖ ನೋಡಿ ಹತ್ತಿರ ಬಂದ. "ಮಣ್ಣಲ್ಲಿ ಸಣ್ಣ ಸಣ್ಣ ನೊಣ ಆಯ್ತು ಅಣ್ಣ. ನಿನ್ನೆ ಬಿಲ್ಡಿಂಗ್‌ನವ್ರು ಬಂದು ಒಳಗೆ ಮಣ್ಣು ಇಡ್ಲಿಕ್ಕೆ ಇಲ್ಲ ಅಂದ್ರು. ಝುಲೈಖ ಮೇಡಂ ಊರಲ್ಲಿಲ್ಲ. ಕಂಪ್ಯೂಟರಿನವ್ರು ಫೋಟೊ ತೆಗ್ದು, ಹುಲ್ಲು ಸಮ ಮಾಡಿ ಇದ್ರಲ್ಲಿ ಹಾಕಿದ್ರು. ಇದು ಪರ್ಮನೆಂಟ್ ಅಂತೆ."

"ಚಂದ ಉಂಟು" ಎಂದೆ.

"ಇಟ್ಸ್ ನೈಸ್, ಪಪ್ಪಾ" ಎಂದಳು ಡೆಲ್ಫಿನ್. ನಾನು ಗ್ರಾಹಕರೊಡನೆ ಬಳಸುವ ಧ್ವನಿಯಲ್ಲೇ ಹೇಳಿದಳು. ಆಗ ನನಗೆ ಸಿಟ್ಟು ಬಂತು. ಟೀವಿಯ ಮೇಲೆ, ನೊಣದ ಮೇಲೆ, ಅಮೆರಿಕದ ಮೇಲೆ, ಇಸ್ತ್ರಿ ಶರ್ಟಿನ ಮೇಲೆ. ಅಬುಧಾಬಿಯಿಂದ ನಿದ್ದೆಗೆಟ್ಟು ಬಂದ ಹುಡುಗಿಗೆ ಟೀವಿ ತೋರಿಸುವುದಕ್ಕೆ ಕರಾಮದ ಮನೆಯೇ ಸಾಕಿತ್ತು.

ಡೆಲ್ಫಿನ್ ಸೇಸಪ್ಪನ ಕಡೆ ತಿರುಗಿದಳು. "ನಿಜವಾದದ್ದು ಎಲ್ಲಿ ಉಂಟು?"

"ಬೇಸ್‌ಮೆಂಟಿನ ಕಸದ ತೊಟ್ಟಿಯಲ್ಲಿ. ಗಾಡಿ ನಾಳೆ ಬರುವುದು."

ನಾನು ಬೇಡವೆಂದೆ. ಅವಳು ಆಗಲೇ ಲಿಫ್ಟಿನ ಗುಂಡಿ ಒತ್ತಿಯಾಗಿತ್ತು.

ತೊಟ್ಟಿ ನನ್ನ ಎದೆಯೆತ್ತರಕ್ಕಿತ್ತು. ರಟ್ಟು, ಮುರಿದ ಕುರ್ಚಿ, ಬಿಳಿ ಗುಮ್ಮಟಗಳ ಚೂರು. ಎಲ್ಲಕ್ಕಿಂತ ಮೇಲೆ ಓರೆಯಾಗಿ ಚಿಕಾಗೊದ ಇವತ್ತಿನ ತಟ್ಟೆ. ಅದಕ್ಕೆ ಏನೂ ಆಗಿರಲಿಲ್ಲ. ಒಂದೇ ದಿನದಲ್ಲಿ ರಾಗಿ ತಿರುಗಿಕೊಂಡು, ಕಾರುಗಳು ಹತ್ತುವ ಇಳಿಜಾರಿನಿಂದ ಬರುತ್ತಿದ್ದ ಬೆಳಕಿನ ಕಡೆಗೆ ಬಾಗಿತ್ತು.

ಡೆಲ್ಫಿನ್ ಒಂದು ಕ್ರೇಟನ್ನು ಎಳೆದು ಅದರ ಮೇಲೆ ಹತ್ತಿ ನಿಂತಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೈಹಾಕಿ ಗುಮ್ಮಟವನ್ನು ಹುಡುಕಿದಳು.

"ಇದು ಮ್ಯೂಸಿಯಂ ಆದದ್ದಾ?"

"ಹೌದು."

"ಕಿಟಕಿ ಎಲ್ಲ ಕೊರೆದಿದ್ದೀರಿ."

"ನೂರ ನಲ್ವತ್ತು ಉಂಟು. ಹಿಂದಿನ ಬದಿಯದ್ದು ಯಾರಿಗೂ ಕಾಣುವುದಿಲ್ಲ. ಆದ್ರೂ ಮಾಡಿದ್ದೇನೆ."

ಅವಳು ತಲೆ ಬಗ್ಗಿಸಿ ಹಿಂದಿನ ಬದಿಯನ್ನೂ ನೋಡಿದಳು. ಒಂದೊಂದಾಗಿ ಎಣಿಸುತ್ತಿದ್ದಳೆಂದು ತೋರುತ್ತದೆ. ಆಮೇಲೆ ತಲೆ ಎತ್ತದೆ ಹೇಳಿದಳು.

"ಪಪ್ಪಾ, ನಾಲ್ಕನೇ ಕ್ಲಾಸಲ್ಲಿ ಆ ಟೀಚರಿಗೆ ನಾನು ಹಾಗೆ ಹೇಳ್ಬಾರ್ದಿತ್ತು. ಎಲ್ಲ ನಗಾಡಿದ್ರು. ನಂಗೆ ಎಷ್ಟು ಸಂಕಟ ಆಯ್ತು ಗೊತ್ತುಂಟಾ. ಮತ್ತೆ ನಿಮ್ಗೆ ಹೇಗೆ ಹೇಳುವುದು ಅಂತ ಗೊತ್ತಾಗ್ಲಿಲ್ಲ."

ನಾನು ತೊಟ್ಟಿಯ ಅಂಚು ಹಿಡಿದುಕೊಂಡೆ. "ನೀನು ಹೇಳಿದ್ದು ಸರಿಯೇ ಇತ್ತಲ್ಲ" ಎಂದೆ. "ನಾವು ಈಗ ನಿಂತಿರುವುದು ಎಲ್ಲಿ?"

ಅವಳಿಗೆ ನಗು ಬಂತು. ನನಗೂ ಬಂತು. ಇಬ್ಬರೂ ಕಸದ ತೊಟ್ಟಿಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತ ನಕ್ಕೆವು. ಸೇಸಪ್ಪ ಇಳಿದು ಬಂದು ನೋಡಿ, ಹಾಗೇ ಹಿಂದಕ್ಕೆ ಹೋದ.

ಮೀಟರ್ ಅಗಲದ ಹಲಗೆಯನ್ನು ಮೆಟ್ರೋದಲ್ಲಿ ಬಿಡುವುದಿಲ್ಲ. ಡೆಲ್ಫಿನ್ ಬ್ಯಾಗಿನಿಂದ ಆಸ್ಪತ್ರೆಯ ಗ್ಲವ್ಸ್ ತೆಗೆದು ಹಾಕಿಕೊಂಡು, ಗುಮ್ಮಟದ ಸುತ್ತಲಿನ ರಾಗಿಯನ್ನು ಮಣ್ಣಿನ ಸಮೇತ ಎತ್ತಿ ಸೂಪರ್‌ಮಾರ್ಕೆಟಿನ ಒಂದು ಚೀಲಕ್ಕೆ ಹಾಕಿದಳು. ಗುಮ್ಮಟ ಕೀಳುವಾಗ ಎರಡಾಯಿತು. ಪ್ಲಾಸ್ಟರ್ ನೀರು ಕುಡಿದಿತ್ತು. ಅದನ್ನು ಅಲ್ಲೇ ಬಿಟ್ಟೆವು. ಚೀಟಿಯನ್ನು ಅವಳು ಉಗುರಿನಿಂದ ಜೋಪಾನವಾಗಿ ಬಿಡಿಸಿ ಪರ್ಸಿನೊಳಗಿಟ್ಟಳು.

ಆ ರಾಗಿಯನ್ನು ಅವಳು ಅಬುಧಾಬಿಯ ಫ್ಲ್ಯಾಟಿನ ಬಾಲ್ಕನಿಯಲ್ಲಿ ಒಂದು ಹಳೆಯ ಬಕೆಟ್ಟಿಗೆ ನೆಟ್ಟಳು. ಮುಕ್ಕಾಲು ಪಾಲು ಸತ್ತಿತು. ಏಪ್ರಿಲಿನಲ್ಲಿ ಉಳಿದದ್ದು ತೆನೆ ಬಿಟ್ಟಿತು. ಡೊರೊತಿ ಅದನ್ನು ಒಣಗಿಸಿ ಉಜ್ಜಿದಾಗ ಎರಡು ಹಿಡಿಯಷ್ಟು ಕಾಳು ಸಿಕ್ಕಿತು. ಒಂದು ಹಾಲಿನ ಪುಡಿಯ ಡಬ್ಬಕ್ಕೆ ಹಾಕಿ, ಸಾಸಿವೆ ಎಂದು ಯಾರೂ ಒಗ್ಗರಣೆಗೆ ಹಾಕದಿರಲಿ ಎಂದು ಆ ಚೀಟಿಯನ್ನೇ ಡಬ್ಬದ ಮೇಲೆ ಅಂಟಿಸಿದಳು. ಚಿಕಾಗೊ, ೧೮೯೩. ಇವತ್ತು ಉಳಿದಿರುವುದು. ಮಾದರಿ: ಇಗ್ನೇಶಿಯಸ್ ತಾವ್ರೊ.

ಜೂನ್‌ನಲ್ಲಿ ನನ್ನ ವೀಸಾ ಮುಗಿಯಿತು. ನಾನೂ ಡೊರೊತಿಯೂ ನಮ್ಮೂರು ಕಲ್ಯಾಣಪುರಕ್ಕೆ ಬಂದೆವು. ಡಬ್ಬ ಡೆಲ್ಫಿನ್‌ಳಲ್ಲಿ ಉಳಿಯಿತು. ಆ ಡಿಸೆಂಬರಿನಲ್ಲಿ, ಹಬ್ಬಕ್ಕೆ ಎರಡು ದಿನ ಇರುವಾಗ, ಅವಳಿಂದ ವಾಟ್ಸಾಪಿನಲ್ಲಿ ಒಂದು ಫೋಟೊ ಬಂತು. ಟೀವಿ ಇಡುವ ಶೆಲ್ಫಿನ ಮೇಲೆ ಆ ಡಬ್ಬದ ರಾಗಿ ಬಿತ್ತಿ ಗೋದಲಿ ಕಟ್ಟಿದ್ದಳು. ಟೀವಿ ಕೆಳಗಿತ್ತು. ಡಬಲ್ ಡ್ಯೂಟಿಯ ಮೇಲೆ ಡಬಲ್ ಡ್ಯೂಟಿ ಬಿದ್ದು ಕತ್ತರಿಸಲು ಮರೆತಿದ್ದಳಂತೆ. ರಾಗಿ ಗೇಣುದ್ದ ಎದ್ದಿತ್ತು. ಕುರುಬರಿಲ್ಲ, ಕುರಿಗಳಿಲ್ಲ, ಗುಡಿಸಲಿನ ಮಾಡಿನ ತುದಿ ಮಾತ್ರ ಕಾಣುತ್ತಿತ್ತು.

"ಸಾರಿ ಪಪ್ಪಾ. ಈಗ ಕಟ್ ಮಾಡ್ಲಾ?" ಎಂದು ಕೆಳಗೆ ಬರೆದಿದ್ದಳು.

ಕನ್ನಡಕ ಹಾಕಿ, ಒಂದೊಂದೇ ಅಕ್ಷರ ಹುಡುಕಿ, ಕತ್ತರಿಸಬೇಡ ಎಂದು ಬರೆದು ಕಳಿಸಿದೆ.